ಸೀಸದ ಬೆನ್ನು ಹತ್ತಿದ ವೆಂಕಟೇಶ್

ಭದ್ರಾವತಿ ಎಂದರೆ ಕಬ್ಬಿಣ. ಅಲ್ಲಿನ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡದ್ದು 1923ರಲ್ಲಿ. ಆದರೆ ಭದ್ರಾವತಿಯಲ್ಲಾಗಲಿ ಪಕ್ಕದ ಶಿವಮೊಗ್ಗದಲ್ಲಾಗಲಿ, ಮಕ್ಕಳ ಮೈಗೆ ಸದ್ದಿಲ್ಲದೆ ಸೇರಬಲ್ಲ ಲೋಹ ಬೇರೆಯೇ ಇದೆ. ವಾಹನದ ಬ್ಯಾಟರಿಯಲ್ಲಿ, ಹಳೆ ಗೋಡೆಯ ಬಣ್ಣದಲ್ಲಿ, ಕೆಲವೊಮ್ಮೆ ಕಲಬೆರಕೆ ಅರಿಸಿನದಲ್ಲೂ ಇರುವ ಸೀಸ.

ಈ ಸೀಸದ ಬೆನ್ನು ಹತ್ತಿದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ಡಾ. ತುಪ್ಪಿಲ್ ವೆಂಕಟೇಶ್. 1990ರ ದಶಕದ ಕೊನೆಯಲ್ಲಿ ಅವರು ಜಾರ್ಜ್ ಫೌಂಡೇಶನ್ ಎಂಬ ಸಂಸ್ಥೆಯ ಜೊತೆಗೂಡಿ ಬೆಂಗಳೂರು, ದೆಹಲಿ, ಮುಂಬಯಿ ಸೇರಿ ಏಳು ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿದರು. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಡೆಸಿಲೀಟರಿಗೆ 10 ಮೈಕ್ರೊಗ್ರಾಂ ದಾಟಿದ ಸೀಸವಿತ್ತು. ಅಂದಿನ ಅಪಾಯದ ಗೆರೆ ಅದೇ. ಅಮೆರಿಕ ಈಗ ಅದನ್ನು 3.5ಕ್ಕೆ ಇಳಿಸಿದೆ. ಆ ಪರೀಕ್ಷೆಯ ಬೆನ್ನಲ್ಲೇ, 2000ದಲ್ಲಿ, ದೇಶದ ಬಂಕ್‌ಗಳಿಂದ ಸೀಸ ಬೆರೆತ ಪೆಟ್ರೋಲ್ ಮರೆಯಾಯಿತು.

ಸೀಸ ಮಾಡುವ ಕೇಡು ವಿಚಿತ್ರ. ರಕ್ತಕ್ಕೆ ಕೆಂಪು ಕೊಡುವ ಹೀಮ್ ಅಣುವಿನ ನಡುವೆ ಕಬ್ಬಿಣ ಕೂರಬೇಕು. ಅದನ್ನು ಕೂರಿಸುವ ಕಿಣ್ವವನ್ನೇ ಸೀಸ ಕಟ್ಟಿಹಾಕುತ್ತದೆ. ಖಾಲಿ ಪೀಠಕ್ಕೆ ಸತು ಬಂದು ಕೂರುತ್ತದೆ. ಕ್ಯಾಲ್ಸಿಯಂನ ವೇಷ ತೊಟ್ಟು ಮೂಳೆಗಿಳಿದ ಸೀಸ ದಶಕಗಟ್ಟಲೆ ಅಲ್ಲೇ ಇರುತ್ತದೆ. ಮಕ್ಕಳ ಮಿದುಳಿಗೆ ತಗಲಿದ ಪೆಟ್ಟು ಮತ್ತೆ ಸರಿಹೋಗುವುದು ಕಷ್ಟ.

ಪೆಟ್ರೋಲ್ ಶುದ್ಧವಾದರೂ ವೆಂಕಟೇಶರ ಕೆಲಸ ಮುಗಿಯಲಿಲ್ಲ. ರಕ್ತದ ವರದಿ ಅಂಕಿ ಹೇಳುತ್ತದೆ, ವಿಷ ಎಲ್ಲಿಂದ ಬಂತೆಂದು ಹೇಳುವುದಿಲ್ಲ. ಹಾಗಾಗಿ ಅವರೂ ಸಹೋದ್ಯೋಗಿಗಳೂ ಮಂಗಳೂರಿನ ಶಾಲಾಮಕ್ಕಳ ಸುತ್ತಮುತ್ತ ಕೈಯಲ್ಲಿ ಹಿಡಿಯಬಹುದಾದ ಎಕ್ಸ್-ರೇ ಉಪಕರಣದಿಂದ ಸೀಸದ ಮೂಲ ಹುಡುಕಿದರು. ಅಧ್ಯಯನ 2004ರಲ್ಲಿ ಪ್ರಕಟವಾಯಿತು.

ಸೀಸದ ಒಂದು ಮೂಲವಾದ, ಬ್ಯಾಟರಿ ಬಿಚ್ಚುವ ಶೆಡ್ಡನ್ನೇ ನೋಡಿ. ಆಸಿಡ್ ಚೆಲ್ಲಿ, ಡಬ್ಬಿ ಒಡೆದು, ಪ್ಲೇಟುಗಳನ್ನು ಬಾಣಲೆಯಲ್ಲಿ ಕರಗಿಸುತ್ತಾರೆ. ಅಂಗಿಗೆ ಅಂಟಿದ ಬೂದು ಪುಡಿ ಸಂಜೆ ಮನೆಗೆ ಬರುತ್ತದೆ. ನೆಲದಲ್ಲಿ ಅಂಬೆಗಾಲಿಡುವ ಕೂಸು ಕೈ ಬಾಯಿಗಿಡುತ್ತದೆ. ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರ ಮೈ ಹೀರುವುದು ಸುಮಾರು ಹತ್ತರಲ್ಲೊಂದು ಪಾಲು, ಎಳೆಮಕ್ಕಳದ್ದು ಅರ್ಧದಷ್ಟು.

ಕಬ್ಬಿಣಾಂಶ ಕಡಿಮೆಯಿರುವ ಮೈ ಸೀಸವನ್ನು ಇನ್ನೂ ಹೆಚ್ಚು ಹೀರುತ್ತದೆ. ರಕ್ತಹೀನತೆ, ಹೊಟ್ಟೆನೋವು, ಮಲಬದ್ಧತೆ ಎಂದು ಬಂದ ಮಗುವಿಗೆ ಟಾನಿಕ್ ಬರೆಯುವ ಮುನ್ನ ವೈದ್ಯರು ಅಪ್ಪನ ಕಸುಬು ಕೇಳಬೇಕು. ಬ್ಯಾಟರಿ ಅಥವಾ ಗುಜರಿ ಎಂದರೆ ಸೀಸದ ಪ್ರಮಾಣವನ್ನೂ ಅಳೆಸಬೇಕು. ಮಾಮೂಲು ರಕ್ತಪರೀಕ್ಷೆಯಲ್ಲಿ ಅದು ಸೇರಿರುವುದಿಲ್ಲ.