ಊದು ಪುಟ್ಟಾ, ಹೀರಬೇಡ!

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದು ನಿವೃತ್ತನಾದವನು ನಾನು. ಓದಿದ್ದು ಬಿ.ಕಾಂ. ವಿಜ್ಞಾನಕ್ಕೂ ನನಗೂ ಅಷ್ಟಕ್ಕಷ್ಟೆ. ಆದರೆ ಮಗ, ಸೊಸೆ ಕೆಲಸಕ್ಕೆ ಹೊರಟ ಮೇಲೆ ನಾಲ್ಕು ವರ್ಷದ ಮೊಮ್ಮಗನಿಗೆ ನಾನೇ ಮೇಷ್ಟ್ರು.

ಅವನ ಕೈಯಿಂದ ಮೊಬೈಲ್ ಬಿಡಿಸಲೆಂದು ಒಂದು ದಿನ ಲೋಟದಲ್ಲಿ ಸೋಪಿನ ನೀರು ಕಲಸಿ ಸ್ಟ್ರಾ ಕೊಟ್ಟೆ. ಎಳನೀರು ಕುಡಿದು ಅಭ್ಯಾಸವಾದ ಮಗು ಊದುವ ಬದಲು ಹೀರಿಬಿಟ್ಟಿತು! ಬಾಯಿ ತೊಳೆಸಿ ಸಮಾಧಾನ ಮಾಡುವಷ್ಟರಲ್ಲಿ ನನಗೇ ಕೈಕಾಲು ನಡುಗಿತು. ಪುಣ್ಯಕ್ಕೆ ಏನೂ ಆಗಲಿಲ್ಲ. ಸಂಜೆ ಸೊಸೆ, "ಮಾವ, ನಿಮಗೂ ಸುಸ್ತಾಗುತ್ತೆ. ಇವನನ್ನು ಬೇಬಿ ಸಿಟ್ಟಿಂಗಿಗೆ ಬಿಡೋಣವೇ?" ಎಂದಳು. ಮಾತು ಮೆತ್ತಗಿತ್ತು. ಅರ್ಥ ಚುಚ್ಚಿತು. "ಒಂದು ವಾರ ಅವಕಾಶ ಕೊಡಮ್ಮ" ಎಂದೆ.

ಮರುದಿನ ಸ್ಟ್ರಾದ ಮೇಲ್ಭಾಗದಲ್ಲಿ, ತುಟಿಗಿಂತ ಸ್ವಲ್ಪ ಕೆಳಗೆ, ಸೂಜಿಯಿಂದ ಒಂದು ತೂತು ಮಾಡಿದೆ. ಹೀರಿದರೆ ಆ ತೂತಿನಿಂದ ಗಾಳಿ ಒಳಬರುತ್ತದೆ, ನೀರು ಸುಲಭವಾಗಿ ಮೇಲೇರುವುದಿಲ್ಲ. ಊದುವುದಕ್ಕೆ ತೊಂದರೆಯಿಲ್ಲ. ಮೊದಲು ಅಂಗೈಗೆ ಊದಿಸಿದೆ, ಆಮೇಲೆ ಬರಿ ನೀರಿನಲ್ಲಿ. ಎರಡು ದಿನ ಕಳೆದ ಮೇಲೆ, ನಾನು ಪಕ್ಕದಲ್ಲಿ ಕೂತು, ಸೋಪಿನ ನೀರು.

ಮನೆಯಲ್ಲೇ ಮಾಡುವುದು ಸುಲಭ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್, ಒಂದು ಚಮಚ ಸಕ್ಕರೆ. ನೊರೆ ಏಳದಂತೆ ನಿಧಾನವಾಗಿ ಕದಡಿ, ಕೆಲವು ಗಂಟೆ ಬಿಡಿ. ಸಕ್ಕರೆ ಸೇರಿದ ನೀರು ಬೇಗ ಆರುವುದಿಲ್ಲ, ಗುಳ್ಳೆ ಹೆಚ್ಚು ಹೊತ್ತು ನಿಲ್ಲುತ್ತದೆ. ಮಧ್ಯಾಹ್ನದ ಬಿಸಿಲಿಗಿಂತ ಮಳೆ ನಿಂತ ಸಂಜೆ ಒಳ್ಳೆಯದು. ಕಣ್ಣಿಗೆ ಬಿದ್ದರೆ ಉರಿ, ನೆಲಕ್ಕೆ ಬಿದ್ದರೆ ಜಾರಿಕೆ. ಅಂಗಳದಲ್ಲೇ ಆಡಿಸಿ.

ಈಗ ಮಗುವನ್ನು ಕೇಳಿ, ಉತ್ತರ ಹೇಳಬೇಡಿ. ತಂತಿಯನ್ನು ಚೌಕವಾಗಿ ಬಗ್ಗಿಸಿ ಊದಿದರೆ ಗುಳ್ಳೆ ಯಾವ ಆಕಾರ? ಚೌಕವೆಂದು ನಮ್ಮವನು ಪಂದ್ಯ ಕಟ್ಟಿದ. ಬಂದದ್ದು ದುಂಡಗೆ! ಸೋಪಿನ ಪೊರೆ ಸದಾ ಕುಗ್ಗಲು ನೋಡುತ್ತದೆ. ಒಳಗಿನ ಗಾಳಿಯನ್ನು ಅತಿ ಕಡಿಮೆ ಹೊದಿಕೆಯಲ್ಲಿ ಮುಚ್ಚುವ ಆಕಾರ ಗೋಳವೇ. ಒಣ ಬೆರಳು ತಾಗಿದರೆ ಟಪ್! ಸೋಪಿನ ನೀರಿನಲ್ಲಿ ಅದ್ದಿದ ಬೆರಳು ಗುಳ್ಳೆಯೊಳಗೇ ಹೋಗುತ್ತದೆ. ಕೈಗೆ ಉಣ್ಣೆಯ ಕಾಲುಚೀಲ ಹಾಕಿದರೆ ಗುಳ್ಳೆ ಚೆಂಡಿನಂತೆ ಪುಟಿಯುತ್ತದೆ. ಬಣ್ಣಗಳು ಬರುವುದು ತೆಳು ಪೊರೆಯ ಎರಡೂ ಮೈಯಿಂದ ಮರಳಿದ ಬೆಳಕು ಒಂದರೊಡನೊಂದು ಬೆರೆತಾಗ.

ಬೆಲ್ಜಿಯಂನ ವಿಜ್ಞಾನಿ ಜೋಸೆಫ್ ಪ್ಲೇಟೊ (1801–1883) ಸೋಪಿನ ಪೊರೆಗಳ ಬಗ್ಗೆ 1873ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ಆಗ ಅವನಿಗೆ ಕಣ್ಣು ಕಾಣಿಸುತ್ತಿರಲಿಲ್ಲ! ಮನೆಯವರು, ಜೊತೆಗಾರರು ಕಂಡದ್ದನ್ನು ಹೇಳುತ್ತಿದ್ದರು, ಅವನು ಯೋಚಿಸುತ್ತಿದ್ದ. ನನ್ನ ಮಂದ ಕಣ್ಣಿಗೂ ಮೊಮ್ಮಗನೇ ವರದಿಗಾರ: "ತಾತಾ, ನೀಲಿ ಬಂತು, ಗುಲಾಬಿ ಬಂತು, ಹೋಯ್ತು!"

ಭಾನುವಾರ ಸೊಸೆ ಕಾಫಿ ಲೋಟ ಹಿಡಿದು ಅಂಗಳಕ್ಕೆ ಬಂದಳು. ಗುಳ್ಳೆ ಮುಟ್ಟಲು ಕೈ ಚಾಚಿದಳು. "ಅಮ್ಮಾ, ಮೊದಲು ಕೈ ಒದ್ದೆ ಮಾಡ್ಕೋ!" ಎಂದು ಮಗ ತಡೆದ. ಅವಳು ಸ್ಟ್ರಾ ಎತ್ತಿ ತೂತನ್ನು ನೋಡಿದಳು, ನನ್ನನ್ನೂ ನೋಡಿದಳು.

"ಮಾವ, ಲಿಕ್ವಿಡ್ ಮುಗೀತಾ ಬಂತು. ನಾಳೆ ಬರುವಾಗ ತರ್ತೀನಿ" ಎಂದಳು.

ಬೇಬಿ ಸಿಟ್ಟಿಂಗಿನ ಮಾತು ಮತ್ತೆ ಬರಲಿಲ್ಲ.