ವಾರಕ್ಕೊಂದು ಸಿನಿಮಾದಷ್ಟು ಬೆವರು!

“ಸಾರ್, ನಿಮಗೆ ಒಂದೂವರೆ ಟಿಕೆಟ್ ಹರೀಬೇಕು!”

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೊರಟ ಬಸ್ಸಿನಲ್ಲಿ ಕಂಡಕ್ಟರ್ ಹೀಗಂದಾಗ ಇಡೀ ಬಸ್ಸು ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಡುಮ್ಮನಾದವನು ಇನ್ನೇನು ಮಾಡಿಯಾನು? ನಮ್ಮ ಸಿನಿಮಾಗಳಲ್ಲೂ ಅಷ್ಟೇ ತಾನೇ... ಹೀರೋ ಪಕ್ಕ ನಿಂತು ಬೋಂಡ ತಿನ್ನೋ ಪಾತ್ರಕ್ಕೆ ಮಾತ್ರ ನಮ್ಮಂಥೋರು ಬೇಕು!

ಆದರೆ ಓದುಗ ಮಿತ್ರರೇ, ಅದೇ ಸಂಜೆ ನನ್ನ ನಗು ನಿಂತುಹೋಯಿತು. ರೇಷ್ಮೆ ಸೀರೆ ನೇಯುವ ನಮ್ಮ ಸೋದರಮಾವನ ಜೊತೆ ಜಟಿಂಗ ರಾಮೇಶ್ವರ ಬೆಟ್ಟ ಹತ್ತಲು ಹೋದೆ. ಐದು ಕಡೆ ಉಸ್ಸಪ್ಪಾ ಅಂತ ಕೂತೆ. ಅರವತ್ತರ ಹತ್ತಿರದ ಮಾವ ಮೇಲಿನ ಮೆಟ್ಟಿಲಲ್ಲಿ ನಿಂತು, “ಏನಪ್ಪಾ ಅಳಿಯಾ, ನಿನ್ ಪಿಚ್ಚರ್‌ಗೆ ಎಷ್ಟು ಇಂಟರ್‌ವೆಲ್ಲು?” ಅಂದರು. ನನಗಾಗ 27 ವರ್ಷ. ತೂಕ 92 ಕಿಲೋ!

ಅಪ್ಪು ಹೋದ ದಿನ

ನಾನು ಕಸರತ್ತಿನ ಮುಖವನ್ನೇ ನೋಡದವನಲ್ಲ. ಮೊದಲು ಜಿಮ್ಮಿಗೆ ಹೋಗುತ್ತಿದ್ದೆ. 2021ರ ಅಕ್ಟೋಬರ್ 29 ಬಂತು ನೋಡಿ... ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ನಮ್ಮನ್ನಗಲಿದರು. ಬರೀ 46 ವರ್ಷ! ಬೆಳಿಗ್ಗೆ ವ್ಯಾಯಾಮ ಮಾಡಿದ್ದರು ಅನ್ನೋ ಸುದ್ದಿ ಮನೆಮನೆ ಮುಟ್ಟಿತು. ಮುಂದಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಎದೆ ತೋರಿಸಿಕೊಳ್ಳಲು ಜನ ಸಾಲುಗಟ್ಟಿದರು.

ನಮ್ಮಮ್ಮ ಅಳುತ್ತಾ ಅಂದಳು: “ಅಂಥಾ ಗಟ್ಟಿ ಜೀವನೇ ಹೋಯ್ತು. ನಿಂಗ್ಯಾಕ್ ಮಗಾ ಈ ಕಸರತ್ತು? ಸುಮ್ನೆ ಉಂಡ್ಕಂಡಿರು.”

ನಿಜ ಹೇಳಿಬಿಡುತ್ತೇನೆ. ಒಳಗೊಳಗೇ ನನಗೂ ಅದೇ ಬೇಕಾಗಿತ್ತು! ಭಯ ಅರ್ಧ, ಸೋಮಾರಿತನ ಅರ್ಧ. ಎಣ್ಣೆಗೆ ಹೆಸರಾದ ನಮ್ಮ ಚಳ್ಳಕೆರೆಯಲ್ಲಿ ಮಿಲ್ಲಿನ ಲೆಕ್ಕ ಬರೆಯುವ ಕುರ್ಚಿ, ಸಂಜೆಗೆ ಮಿರ್ಚಿ ಮಂಡಕ್ಕಿ, ರಾತ್ರಿ ಸಿನಿಮಾ. ಹೊಟ್ಟೆ ಮುಂದೆ, ನಾನು ಹಿಂದೆ!

ಬೆಟ್ಟದಿಂದ ಇಳಿದ ಮರುವಾರ ಡಾಕ್ಟರ ಬಳಿ ಹೋದೆ. ಬಿ.ಪಿ., ಸಕ್ಕರೆ ನೋಡಿದರು. ಟೇಪು ಹಿಡಿದು ಸೊಂಟ ಅಳೆದರು. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಅಪಾಯದ ಗಂಟೆಯಂತೆ. ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರು. ಭಾರತೀಯರಿಗೆ ಆ ಲೆಕ್ಕ 23ರ ಒಳಗಿರಬೇಕು. 25 ದಾಟಿದರೆ ಬೊಜ್ಜು. 170 ಸೆಂಟಿಮೀಟರ್ ಎತ್ತರದ ನನ್ನದು ಸುಮಾರು 32!

“ಅಪ್ಪು ಸಾರ್ ಹೋದ ಮೇಲೆ ಹೆದರಿಕೆ ಡಾಕ್ಟ್ರೇ” ಅಂದೆ. ಅವರು ನಗಲಿಲ್ಲ. “ಹೆದರಿಕೆ ಇರಲಿ, ಒಳ್ಳೇದೇ. ಅದಕ್ಕೇ ಮೊದಲು ತಪಾಸಣೆ, ಆಮೇಲೆ ನಿಧಾನಕ್ಕೆ ಶುರು. ಆದ್ರೆ ಕೂತೇ ಇದ್ದರೆ ಹೃದಯ ಉಳಿಯುತ್ತೆ ಅಂದ್ಕೋಬೇಡಿ” ಅಂದರು.

ಆರು ಹಾಡಿನ ಕಸರತ್ತು

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಷ್ಟು: ದೊಡ್ಡವರಿಗೆ ವಾರಕ್ಕೆ ಕಡಿಮೆಯೆಂದರೂ 150 ನಿಮಿಷ ಬೆವರು ಬರಬೇಕು, ಎರಡು ದಿನ ಮಾಂಸಖಂಡಕ್ಕೆ ಕೆಲಸ ಬೀಳಬೇಕು. 150 ನಿಮಿಷ! ಚಿತ್ರರಸಿಕರೇ, ಒಂದು ಕನ್ನಡ ಸಿನಿಮಾದ ಉದ್ದ ತಾನೇ ಅದು? ಕೂತು ನೋಡೋನಿಗೆ ನಿಂತು ಮಾಡೋಕಾಗಲ್ವಾ?

ಜಿಮ್ಮು ಬೇಡ, ಕನ್ನಡಿ ಬೇಡ, ನಗೋ ಜನ ಬೇಡ. ನಡುಮನೆ ಸಾಕು. ಐದು ನಿಮಿಷದ ಹಾಡು ಆರು ಹಾಕಿದರೆ ಅರ್ಧ ಗಂಟೆ. ವಾರಕ್ಕೆ ಐದು ದಿನ. ಮೊದಲ ವಾರ ನಾನು ಎರಡೇ ಹಾಡಿಗೆ ನಿಲ್ಲಿಸಿದೆ. ಆಮೇಲೆ ವಾರಕ್ಕೊಂದು ಹಾಡು ಸೇರಿಸಿದೆ.

ಮೊದಲ ಹಾಡಿಗೆ ನಿಂತಲ್ಲೇ ನಿಧಾನ ನಡಿಗೆ. ಎರಡು, ಮೂರಕ್ಕೆ ಮಂಡಿ ಎತ್ತಿ, ಕೈ ಬೀಸಿ ಬಿರುಸು ನಡಿಗೆ. ನಾಲ್ಕಕ್ಕೆ ಕುರ್ಚಿಯಿಂದ ಕೈಯೂರದೆ ಏಳೋದು, ಕೂರೋದು, ಹತ್ತು ಹತ್ತರಂತೆ. ಐದಕ್ಕೆ ಗೋಡೆಗೆ ಕೈಕೊಟ್ಟು ದಂಡ, ಲೀಟರ್ ನೀರಿನ ಬಾಟಲಿ ಎತ್ತೋದು. ಆರಕ್ಕೆ ಮತ್ತೆ ನಿಧಾನ. ನಾಲ್ಕು, ಐದರ ಕೆಲಸ ವಾರಕ್ಕೆ ಎರಡು ದಿನ. ಉಳಿದ ದಿನ ಆ ಹಾಡುಗಳಿಗೂ ನಡಿಗೆಯೇ. ಭಾರದ ಮೈಯವರಿಗೆ ಶುರುವಿನಲ್ಲೇ ಜಿಗಿತ, ಪೂರ್ತಿ ಬಸ್ಕಿ ಬೇಡ. ಮಂಡಿ ಪಾಪ, ಎಷ್ಟು ಹೊತ್ತೀತು?

ಅಳತೆ ಹೇಗೆ ಅಂತೀರಾ? ಹಾಡಿನ ಜೊತೆ ಆರಾಮಾಗಿ ಹಾಡೋಕಾದರೆ ಸಾಲದು. ಮಾತೇ ಹೊರಡದಿದ್ದರೆ ಅತಿಯಾಯಿತು. ಮಾತಾಡಬಹುದು, ಹಾಡೋಕಾಗಲ್ಲ... ಅದೇ ಸರಿಯಾದ ಹದ! ಎದೆ ಬಿಗಿತ, ತಲೆಸುತ್ತು, ಎಡಗೈಗೋ ದವಡೆಗೋ ಇಳಿಯೋ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಓಡಬೇಕು. ಗ್ಯಾಸು ಅಂತ ಸೋಡಾ ಕುಡಿದು ಮಲಗಬಾರದು. ಎದೆನೋವು ಬಂದವರಿಗೆ ತಾಲ್ಲೂಕು ಮಟ್ಟದಲ್ಲೇ ಬೇಗ ಇಸಿಜಿ, ಚಿಕಿತ್ಸೆ ಸಿಗಲಿ ಅಂತಲೇ ರಾಜ್ಯ ಸರ್ಕಾರ ಅಪ್ಪು ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆ ತಂದಿದೆ.

ತಕ್ಕಡಿಯ ಮೋಸ

ಎರಡು ತಿಂಗಳಿಗೆ ಇಳಿದದ್ದು ಒಂದೂವರೆ ಕಿಲೋ. ಬೇಜಾರಾಗಿ ಮಾವನಿಗೆ ಫೋನು ಮಾಡಿದೆ. “ಒಂದೇ ದಿನಕ್ಕೆ ಸೀರೆ ಮುಗಿಸ್ತೀನಿ ಅಂತ ಕೂತ್ರೆ ಎಳೆ ಹರೀತೈತೆ ಅಳಿಯಾ. ದಿನಾ ಒಂದೀಟು ನೇಯಿ” ಅಂದರು.

ಡಾಕ್ಟರೂ ಅದನ್ನೇ ಹೇಳಿದರು. ಬರೀ ಕಸರತ್ತಿನಿಂದ ತೂಕ ಇಳಿಯೋದು ಕಮ್ಮಿ. ನನ್ನ ಅರ್ಧ ಗಂಟೆ ಬಿರುಸು ನಡಿಗೆಗೆ ಕರಗೋದು ಸುಮಾರು 200 ಕ್ಯಾಲೊರಿ. ನೂರು ಗ್ರಾಂ ಶೇಂಗಾದಲ್ಲೇ 560 ಇದೆ! ಬಾಯಿಗೂ ಬೀಗ ಬೇಕು. ಆದರೆ ತಕ್ಕಡಿ ಅಲ್ಲಾಡದಿದ್ದರೂ ಹೊಟ್ಟೆಯೊಳಗಿನ ಕೊಬ್ಬು ಕರಗುತ್ತೆ, ಹೃದಯ ಗಟ್ಟಿಯಾಗುತ್ತೆ. 1983ರ ‘ಕಾಮನಬಿಲ್ಲು’ ಚಿತ್ರದಲ್ಲಿ ಆಸನ ಹಾಕಿದಾಗ ಅಣ್ಣಾವ್ರಿಗೆ ಐವತ್ತು ದಾಟಿತ್ತು. ಯೋಗಕ್ಕೆ ಬೇಕಾಗಿದ್ದು ಒಂದು ಜಮಖಾನದಷ್ಟು ಜಾಗ, ಬಿಡದ ಶಿಸ್ತು.

ಮಿರ್ಚಿ ಬಿಟ್ಟೆ, ಆರು ಹಾಡು ಬಿಡಲಿಲ್ಲ. ಆರು ತಿಂಗಳಿಗೆ 88 ಕಿಲೋ. ಈಗಲೂ ಡುಮ್ಮನೇ! ಆದರೆ ಬೆಲ್ಟು ಎರಡು ತೂತು ಒಳಕ್ಕೆ ಬಂದಿದೆ. ಮೊನ್ನೆ ಜಟಿಂಗ ರಾಮೇಶ್ವರಕ್ಕೆ ಮತ್ತೆ ಹೋದೆ. ಇಂಟರ್‌ವೆಲ್ ಒಂದೇ!

ಅಮ್ಮನ ಭಯ ಪೂರ್ತಿ ಹೋಗಿಲ್ಲ. ಬಾಗಿಲಲ್ಲೇ ಕೂತು ನನ್ನ ಮುಖ ನೋಡುತ್ತಿರುತ್ತಾಳೆ. ನಡುನಡುವೆ ಏನಾದರೂ ಕೇಳುತ್ತಾಳೆ. ನಾನು ಉತ್ತರ ಕೊಡಬೇಕು... ಮಾತು ಹೊರಟರೆ ಅವಳಿಗೆ ಸಮಾಧಾನ. ಒಮ್ಮೊಮ್ಮೆ ನಾನು ಕಳ್ಳಾಟ ಆಡಿ ಕೂತರೆ ಅವಳೇ ಗದರುತ್ತಾಳೆ:

“ಏಳ್ಲಾ ಮಗಾ, ಇನ್ನೂ ಐದನೇ ಹಾಡು!”