ಮಗಳ ಕಾಲೇಜು ಖರ್ಚಿಗೆ ಸಲಹೆಗಾರರು ಬೇಕಾ?

ಬ್ರಹ್ಮಪುರದ ಓಣಿಗಳಲ್ಲಿ ಚಹಾದ ಹೊತ್ತಿಗೆ ಪರಿಚಯದ ಏಜೆಂಟರು ಬಂದು, ‘ವೈನಿ, ಮಗಳ ಕಾಲೇಜಿಗಂತ ಈ ಪಾಲಿಸಿ ಮಾಡಸ್ರಿ’ ಅನ್ನುವುದುಂಟು. ಸಂಕೋಚಕ್ಕೆ ಬಿದ್ದು ಸಹಿ ಹಾಕಬೇಡಿ. ಮೊದಲು ಕೇಳಿ: ‘ಇದರಾಗ ನಿಮಗ ರೊಕ್ಕ ಯಾರು ಕೊಡ್ತಾರ?’ ಪಾಲಿಸಿ ಮಾರಿದವರಿಗೆ ಕಂಪನಿ ಕಮಿಷನ್ ಕೊಡುತ್ತದೆ. ಸೆಬಿಯಲ್ಲಿ ನೋಂದಾಯಿಸಿದ ಹೂಡಿಕೆ ಸಲಹೆಗಾರರು ನಿಮ್ಮಿಂದಲೇ ಫೀಸು ತಗೊಳ್ಳುತ್ತಾರೆ. ಅವರ ನೋಂದಣಿ ಸಂಖ್ಯೆಯನ್ನು ಸೆಬಿ ವೆಬ್‌ಸೈಟಿನಲ್ಲಿ ನೋಡಬಹುದು.

ಹಾಗಂತ ಎಲ್ಲರಿಗೂ ಸಲಹೆಗಾರರು ಬೇಕಿಲ್ಲ. ಈ ಕೆಲಸಗಳನ್ನು ನೀವೇ ಮಾಡಬಹುದು:

* ಮಗಳಿಗೆ 10 ವರ್ಷ ತುಂಬಿಲ್ಲವೇ? ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಿರಿ. ವರ್ಷಕ್ಕೆ 250 ರೂಪಾಯಿ ಕಟ್ಟಿದರೂ ಸಾಕು. 18 ತುಂಬಿದ ಮೇಲೆ ಓದಿಗೆಂದು ಅರ್ಧದವರೆಗೆ ತೆಗೆಯಬಹುದು.

* 371(ಜೆ) ಅರ್ಹತಾ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಡಿ. ಸಿಇಟಿಯಲ್ಲಿ ಸರ್ಕಾರಿ ಸೀಟು ಸಿಕ್ಕರೆ ಖರ್ಚಿನ ಲೆಕ್ಕವೇ ಬದಲಾಗುತ್ತದೆ.

* ಬೇಕೆನಿಸಿದ ಕಾಲೇಜಿನ ಈಗಿನ ಫೀಸು, ಹಾಸ್ಟೆಲ್ ಖರ್ಚು ವಿಚಾರಿಸಿ ಬರೆದಿಡಿ.

ಮನೆ ಸಾಲ, ನಾಲ್ಕಾರು ಪಾಲಿಸಿ, ಇಬ್ಬರು ಮಕ್ಕಳ ಕಾಲೇಜು ಎಲ್ಲವೂ ಒಟ್ಟಿಗೇ ಬಂದು ಲೆಕ್ಕ ಗೋಜಲಾದರೆ ಮಾತ್ರ ಫೀಸು ಕೊಟ್ಟು ಸಲಹೆ ಕೇಳಿ. ಹೋಗುವಾಗ ಮನೆಖರ್ಚಿನ ಪುಸ್ತಕ ಜೊತೆಗಿರಲಿ. ನಿಮ್ಮ ಮನೆಯ ಲೆಕ್ಕ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?